ಉಸರು ಬಿಟ್ಟ ಅಳತಿ

ದುರ್ಗದಬೈಲಿನ ಅಂಗಡಿಯಾವ ಕಣ್ಣಿಲೇ ಅಳೀತಿದ್ದ.
ಒಮ್ಮೆ ನೋಡಿ, ಮಾರಿ ತಿರುವಿ,
ಗ್ವಾಡಿಗೆ ಹೇಳಿದಂಗ ಅಂತಿದ್ದ: ಮೂವತ್ತಾರು.
ಹಿಂದ ಬನಿಯನ್ ತಗೊಳ್ಳಾಕ ಮೂರು ಮಂದಿ ಗಂಡಸರು.
ಅಲ್ಲ ಅನ್ನಾಕ ಪುರಸೊತ್ತು ಎಲ್ಲಿತ್ತು?
ಹಳೇ ಪೇಪರಿನ್ಯಾಗ ಸುತ್ತಿ, ದಾರ ಬಿಗದು,
ಕದ್ದ ಮಾಲು ದಾಟಿಸಿದಂಗ ಕೊಡ್ತಿದ್ದ.
ಹತ್ತೊಂಬತ್ತು ವರ್ಷ ನಾ ಮೂವತ್ತಾರು.
ಎರಡು ಹಡದೆ. ಒಮ್ಮೆ ಟೈಫಾಯಿಡ್ ಆತು.
ಮೈ ಇಳೀತು, ಮತ್ತ ಉಬ್ಬಿತು.
ಅವನ ನಂಬರ ಮಾತ್ರ ಕದಲಲಿಲ್ಲ.

ನಂದು ಹುಬ್ಬಳ್ಳಿ–ಗದಗ ಗಾಡಿ.
ಖಾಕಿ ಅಂಗಿ ಗಂಡಸರ ಅಳತೀದು,
ಅದರ ಮ್ಯಾಲ ಚಿಲ್ಲರ ತುಂಬಿದ ಚೀಲದ ಪಟ್ಟಿ,
ಅದರ ಕೆಳಗ ಯಾರಿಗೂ ಕಾಣದ ಇನ್ನೆರಡು ಪಟ್ಟಿ.
ಮಂದಿ ಸೀಟಿಗೆ ಜಗಳಾಡತಿದ್ರು, ನಾ ನನ್ನ ಹೆಗಲ ಜೋಡಿ.
ನಲವಡಿ ಬರೂದರಾಗ ಎಡಗಡೀದು ಜಾರತಿತ್ತು.
ಅಣ್ಣಿಗೇರ್ಯಾಗ ಬಲಗೈಯಾಗ ಟಿಕೆಟ್ ಮಷೀನು,
ಎಡಗೈ ಕಾಲರ್ ಸರಿಮಾಡೂ ನೆವದಾಗ ಒಳಗ.
ಹುಲಕೋಟಿ ದಾಟಿದ್ರ ತಂತಿ ಚುಚ್ಚಾಕ ಶುರು.
ಒಂದಿನ ಅದು ಹರಕೊಂಡು ಅಂಗೀ ಸಂದಿನಿಂದ ಹೊರಗ ಇಣುಕಿತ್ತು.
ಮುಂದಿನ ಸೀಟಿನ ಅಜ್ಜ ಅಂದ,
"ಬಾಯಾರ, ನಿಮ್ಮ ಪೆನ್ನು ಬೀಳಾಕತ್ತೈತಿ ನೋಡ್ರಿ."
ಹೌದ್ರಿ ಅಂದೆ. ಪೆನ್ನು.

ನಮ್ಮವ್ವಗ ಈ ನಂಬರ ಗೊತ್ತಿದ್ದಿಲ್ಲ.
ಖಣದ ಕುಪ್ಪಸ, ಮುಂದ ಒಂದು ಗಂಟು.
ಬಸರಾದಾಗ ಸಡಲು, ಕೂಸಿಗೆ ಕುಡಸೂಮುಂದ ಪೂರಾ ಸಡಲು,
ಹೊಲಕ್ಕ ಹೊಂಟ್ರ ಬಿಗಿ,
ಅಪ್ಪನ ಮ್ಯಾಲ ಸಿಟ್ಟಿದ್ರ ಇನ್ನೂ ಬಿಗಿ.
ದಿನಾ ಮುಂಜಾನೆ ತನ್ನ ಅಳತಿ ತಾನ ಕಟಗೋತಿದ್ಲು.
ಹಂಗಂತ ಅಕಿ ಸುಖದಾಗಿದ್ಲು ಅನ್ನೂದಿಲ್ಲ ನಾ.
ಬ್ಯಾಸಗ್ಯಾಗ ಬಗಲಾಗ ಬೆವರು ಕೆತ್ತಿದ ಗಾಯಕ್ಕ
ಅರಿಷಿಣ ಒತ್ತಿಕೊಂಡು, ಕೈ ಎತ್ತಿ ಕುಂತಿರತಿದ್ಲು,
ಯಾರಿಗೋ ಶರಣಾದಂಗ.

ಬೆಟಗೇರಿಗೆ ಹೋಗು ಅಂದಾಕಿ ಡಿಪೋದ ಶಮೀಮಾ.
ಮಗ್ಗ ನಿಂತುಹೋದ ಕೋಣ್ಯಾಗ ಒಂದು ಹೊಲಿಗಿ ಮಷೀನು,
ಅದರ ಹಿಂದ ಅಂಬಾಬಾಯಿ ಬಾಕಳೆ, ಮೂಗಿನ ತುದಿಗೆ ಚಸ್ಮಾ.
ಪರದೆ ಎಳದು, ಚಿಲಕಾ ಹಾಕಿದ್ಲು.
ಟೇಪು ತಣ್ಣಗಿತ್ತು. ನಾ ಉಸರು ಹಿಡದೆ.
"ಬಿಡು" ಅಂದ್ಲು.
"ಹಿಡದ ಉಸರಿಗೆ ಅಳತಿ ತಗೊಂಡ್ರ
ಅದನ್ನ ಬಿಡಾಕಿ ಯಾವಾಗ ನೀ?"

ಬಿಟ್ಟೆ.
ಎಷ್ಟೋ ಹೊತ್ತು
ಹೊರಗ ಬರಾಕತ್ತಿತ್ತು ಅದು.

ಆಮ್ಯಾಲ ಗಂಡಗೂ ಹೇಳದ್ದನ್ನ ಹೇಳಿದೆ:
ಎಡಗಡೀದು ಒಂದೀಟು ದೊಡ್ಡದು.
ಬಾಯಾಗಿನ ಟಾಚಣಿ ತಗೀದನ ಅಂದ್ಲು,
"ಜೋಡೆತ್ತು ಎಲ್ಲಿ ಸಮ ಇರತಾವವ್ವಾ?
ಅದು ನೊಗಾ ಕಟ್ಟಾವಗ ತಿಳೀಬೇಕು."
ಹಳೇ ಪಂಚಾಂಗದ ಹಿಂದ ಬರಕೊಂಡ್ಲು,
ಒಂದಲ್ಲ, ಏಳು ನಂಬರ.
ಅದರಾಗ ಮೂವತ್ತಾರು ಎಲ್ಲೂ ಇದ್ದಿಲ್ಲ.

ಮೊದಲನೇದು ಬಗಲಾಗ ಹಿಡೀತು. ಎರಡನೇದು ಬೆನ್ನಿಗೆ ಏರಿತು.
ಬಿಚ್ಚಿ, ಬೈದು (ನನಗಲ್ಲ, ದಾರಕ್ಕ), ಮತ್ತ ಹೊಲದ್ಲು.
ಮೆತ್ತನ ಹತ್ತಿ, ಅಗಲ ಪಟ್ಟಿ, ತಂತಿ ಇಲ್ಲ.
ಬಣ್ಣ ಅಕಿ ಮರ್ಜಿ: ಬದನಿಕಾಯಿ.

ಆ ದಿನ ಗಾಡಿ ತುಂಬಿ ಬಾಗಲಿಗೆ ಜೋತಿತ್ತು.
ಹುಲಕೋಟಿ ಯಾವಾಗ ಹಿಂದಾತೋ.
ಗದಗಿನ ಸ್ಟ್ಯಾಂಡಿನ್ಯಾಗ ರೊಕ್ಕ ಎಣಸೂಮುಂದ ಹೊಳೀತು,
ಮುಂಜಾನಿಯಿಂದ ಮೈ ನೆನಪ ಆಗಿದ್ದಿಲ್ಲ ನನಗ.
ಲೆಕ್ಕದಾಗ ಎಂಟು ರೂಪಾಯಿ ಕಡಿಮಿ ಬಂತು.
ಬರಲಿ.

ಮಾಳಗೀ ಹಗ್ಗದ ಮ್ಯಾಲ ಮಾತ್ರ
ಇನ್ನೂ ಟವೆಲ್ಲಿನ ಕೆಳಗ ಒಣಗಸ್ತೀನಿ. ಆ ಚಟ ಹೋಗಿಲ್ಲ.
ನಿನ್ನೆ ಗಾಳಿಗೆ ಟವೆಲ್ಲು ಬಾಜೂ ಮನಿ ತಗಡಿನ ಮ್ಯಾಲ ಬಿತ್ತು.
ಕೋಲು ಹಾಕಿ ಎಳಕೊಂಡೆ.
ಮತ್ತ ಹೊಚ್ಚಾಕಂತ ಹೋದಾಕಿ
ಅದನ್ನ ಹೆಗಲಿಗೆ ಹಾಕ್ಕೊಂಡು ಅಲ್ಲೇ ನಿಂತೆ,
ಬದನಿಕಾಯಿ ಬಣ್ಣ
ಬಿಸಲಾಗ ಚೊಲೋ ಕಾಣತಿತ್ತು.