ಮೂರು ಜನರ ಡೇರೆ

ಕರೆಂಟು ಬಿಲ್ಲಿನ ಬೆನ್ನಿಗೆ ಬರೆಯುತ್ತಿದ್ದೇನೆ,
ಅದರ ಮುಖ ನೋಡಿದರೆ ಕೈ ಓಡುವುದಿಲ್ಲ.
ಘಾಟ್ಕೋಪರಿನಿಂದ ಖೊಪೋಲಿ ಲೋಕಲ್ಲು, ಐದು ಜನ.
ಅಲ್ಲಿಂದ ಶೇರ್ ರಿಕ್ಷಾ: ಪಿಂಟ್ಯಾ ತೊಡೆಯ ಮೇಲೆ, ಅಂದರೆ ನಾಲ್ಕು.
ರಿಸಾರ್ಟಿನ ಕೋಣೆಯ ದರ ಒಮ್ಮೆ ಓದಿದೆ,
ಓದಿದ್ದಕ್ಕೂ ಹಣ ಕೇಳಿಯಾರೆಂದು ಮೊಬೈಲು ಮಗುಚಿಟ್ಟೆ.
ಕೋಣೆಗಳ ಹಿಂದೆ, ಬೇಲಿಯ ಪಕ್ಕ, ಹುಲ್ಲಿನ ಮೇಲೆ
ಸ್ವಂತ ಡೇರೆ ತಂದವರಿಗೆ ಜಾಗ ಕೊಡುತ್ತಾರಂತೆ;
ನಲ್ಲಿಯಿದೆ, ಸಂಡಾಸಿದೆ,
ರಾತ್ರಿ ದೊಡ್ಡ ಚಕ್ರದ ದೀಪ ಪುಕ್ಕಟೆ.

ಡೇರೆ ತಂದದ್ದು ಇವರು, ಕುರ್ಲಾದ ಗೋದಾಮಿನಿಂದ.
ಗಿರಾಕಿ ವಾಪಸು ಕಳಿಸಿದ ಮಾಲು,
ಒಂದು ಕೋಲು ಕಡಿಮೆ, ಅದಕ್ಕೇ ನಾನೂರು ರೂಪಾಯಿ.
ಕೋಲಿನ ಬದಲು ಕಿಟಕಿ ಪರದೆಯ ಸರಳು ಕಿತ್ತೆವು;
ಎಂಟು ದಿನದಿಂದ ಎದುರು ಖೋಲಿಯ ಸುರ್ವೆ ಕಾಕು
ನಮ್ಮ ತಟ್ಟೆ ನೋಡಿಕೊಂಡೇ ಉಣ್ಣುತ್ತಾಳೆ.

ಚೀಲದ ಮೇಲೆ ಅಚ್ಚು ಹಾಕಿದ್ದಾರೆ: ಮೂರು ಜನರಿಗೆ ಮಾತ್ರ.
ಹಾಕಿದವನು ನಮ್ಮ ಹತ್ತು-ಹನ್ನೆರಡರ ಖೋಲಿ ಕಂಡಿಲ್ಲ.
ಅತ್ತೆ ಗೋಡೆಗೆ, ಇವರು ಬಾಗಿಲಿಗೆ,
ಮಕ್ಕಳು ತಲೆ-ಕಾಲು ಅದಲು ಬದಲು,
ನಾನು ಉಳಿದಲ್ಲಿ.
ಒಬ್ಬರು ಕೆಮ್ಮಿದರೆ ಐದೂ ಮಂದಿ ಒಟ್ಟಿಗೆ ಮಗ್ಗಲು ಬದಲಿಸುತ್ತೇವೆ.
ಹದಿಮೂರು ವರ್ಷದ ತಾಲೀಮು ನಮ್ಮದು.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಎಂದೆ.
"ಜ್ವಾಳದ ರೊಟ್ಟಿ ಹೊರಗಿಂದು ಹ್ಯಾಂಗ ಆಗ್ತದ?" ಅತ್ತೆ ಕೇಳಿದರು,
"ಹೊರಗ ಎಲ್ಲೆರ ಸಿಗ್ತದೇನು ಅದು?"
ಕಟಕ ರೊಟ್ಟಿ ಹದಿನೈದು, ಶೇಂಗಾ ಹಿಂಡಿ ಒಂದು ಡಬ್ಬಿ,
ಅವರ ಗುಳಿಗೆಯ ಚೀಲದಲ್ಲಿ ಹೋಗುತ್ತವೆ.
ಮುದುಕಿಯ ಔಷಧಿ ಬಿಚ್ಚಿ ನೋಡಲು ಯಾವ ಗೇಟಿನವನಿಗೆ ಎದೆ?

ಇನ್ನು ಟಿಕೇಟು.
ಅಲ್ಲಿ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ.
ಮೂರಡಿಯೊಳಗೆ ಪುಕ್ಕಟೆ, ನಾಲ್ಕೂವರೆಯೊಳಗೆ ಅರ್ಧ.
ನಾವು ಮೊದಲ ಸಲ ಡಬ್ಬಿಗೆ ಹಣ ಹಾಕಿದಾಗ ತ್ರಿವೇಣಿ ಪುಕ್ಕಟೆ.
ಆ ವರ್ಷ ಪಿಂಟ್ಯಾ ಹುಟ್ಟಿದ.
ಎರಡನೆಯ ಸಲ ಅರ್ಧ; ಅತ್ತೆಯ ಕಣ್ಣಿಗೆ ಪೊರೆ ಬಂತು.
ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನ ಗೀಟು,
ಡಬ್ಬಿಯ ಹಣಕ್ಕಿಂತ ಅವೇ ಬೇಗ ಏರಿದವು.
ಇವತ್ತು ಅಳೆದರೆ ಅರ್ಧ ಟಿಕೇಟು ದಾಟಿ ಎರಡು ಬೆರಳು.

"ಅವ್ವಾ, ಜುಟ್ಟು ಬಿಚ್ಚಿದ್ರ?"
ಬಿಚ್ಚಿದಳು. ಒಂದು ಬೆರಳು.
ಮೊಣಕಾಲು ಚೂರು ಮಡಚಿ, ಫ್ರಾಕು ಕೆಳಗೆ ಜಗ್ಗಿ,
ಗೇಟಿನ ಮುಂದೆ ಹೇಗೆ ನಡೆಯುವುದೆಂದು
ಒಲೆಯಿಂದ ಕಪಾಟಿನವರೆಗೆ ನಡೆದು ತೋರಿಸಿದಳು.
ಪಿಂಟ್ಯಾ ನಕ್ಕ, ಇವರೂ ನಕ್ಕರು.
ಮಡಿಲಲ್ಲಿ ಯಾರದೋ ಸೀರೆ, ಫಾಲು ಹಚ್ಚುತ್ತ ಬಗ್ಗಿದ್ದೆ.
"ನೆಟ್ಟಗ ನಿಲ್ಲು!"
ಧ್ವನಿ ನನಗೇ ಜೋರೆನಿಸಿತು.
ತ್ರಿವೇಣಿ: ಪೂರಾ, ಎಂದು ಬರೆದೆ.

ಹೆಚ್ಚಿನ ಹಣ?
ಡೇರೆ ಕಾಯಲು ಯಾರಾದರೂ ಬೇಕಲ್ಲ, ಎಂದೆ.
ಅತ್ತೆಗೆ ಆ ಕುಣಿಯುವ ಗಾಡಿ ಆಗದು,
ನನಗಂತೂ ಲಿಫ್ಟಿನಲ್ಲೇ ತಲೆ ಸುತ್ತು.
(ಲಿಫ್ಟು ಹತ್ತಿದ್ದು ಎರಡೇ ಸಲ. ಸುತ್ತಿರಲಿಲ್ಲ.)
ಎರಡು ಟಿಕೇಟು ಉಳಿಯಿತು.

ಶನಿವಾರ ರಾತ್ರಿ ಗಚ್ಚಿಯ ಮೇಲೆ ನಿಲ್ಲಿಸಿ ನೋಡಿದೆವು.
ಗೂಟಕ್ಕೆ ಮಣ್ಣಿಲ್ಲ; ನಾಲ್ಕು ಮೂಲೆಗೆ ನಾಲ್ಕು ನೀರಿನ ಕ್ಯಾನು.
ವಿಮಾನಗಳು ತಲೆ ಸವರಿದಂತೆ ಇಳಿದವು,
ಪಿಂಟ್ಯಾ ಹನ್ನೊಂದರವರೆಗೆ ಎಣಿಸಿ ಮಲಗಿದ.
ಪರದೆಯ ಸರಳು ಮೂರು ಗಂಟೆಗೆ ಬಿತ್ತು, ಇವರ ಮೂಗಿನ ಮೇಲೆ.

ಬೆಳಗ್ಗೆ ಕಾಗದ ತೆಗೆದರೆ
ಕೊನೆಯ ಸಾಲಿನ ಕೆಳಗೆ ಮರಾಠಿ ಶಾಲೆಯ ಅಕ್ಷರ,
ಹಗ್ಗಕ್ಕೆ ಒಣಹಾಕಿದ ಹಾಗೆ ಗೀಟಿನಿಂದ ಜೋತ ಎರಡು ಬಟ್ಟೆ:
ಅವ್ವ. ಎದುರಿಗೆ, ಪೂರಾ.
ಕನ್ನಡ ಬರೆಯಲು ನಾನೇ ಕಲಿಸಿಲ್ಲ ಅವಳಿಗೆ,
ಈ ರಜೆ, ಮುಂದಿನ ರಜೆ ಎನ್ನುತ್ತ.
ಮೊತ್ತ ತಿದ್ದಿಲ್ಲ ಅವಳು. ಲೆಕ್ಕ ಈಗ ತಪ್ಪಿದೆ.

ಬಿಲ್ಲು ಕಟ್ಟಲು ಇವತ್ತೇ ಕೊನೆಯ ದಿನ.
ಕೌಂಟರಿನವನು ಕಾಗದ ಮಗುಚದಿದ್ದರೆ ಸಾಕು.