ಒಂದು ಸುತ್ತು ಬಾಕಿ

ಬೆಟಗೇರಿ ದಾಟಿ ಹತ್ತಿ ಪ್ರದರ್ಶನದ ಮೈದಾನ ಇತ್ತಲ್ಲ,
ಅಲ್ಲಿ ಮೊದಲ ಬರೇ ಎರಿ.
ಎಪ್ಪತ್ತನಾಲ್ಕರಾಗ ಗ್ಯಾರೇಜಿನವರೆಲ್ಲ ಕೂಡಿ
ಸುಣ್ಣ ಚೆಲ್ಲಿಕೋತ ತತ್ತಿ ಹಂಗ ಒಂದು ಗೆರಿ ಎಳದ್ರು.
ಒಂದು ತುದಿ ಚೂಪಾತು,
ಹಗ್ಗ ಸಾಲಲಿಲ್ಲ.
ಮುಂದ ಎಲ್ಲಾರ ಟೈರು ತಿಂದದ್ದು ಅದೇ ತಿರುವು.

ಮೊದಲ ರೇಸು ಅರ್ಧ ಸುತ್ತಿಗೇ ಮುಗೀತು.
ಹಿಂದಿನ ರಾತ್ರಿ ಹನಿ ಬಿದ್ದು
ಎರಿ ಗಾಲಿಗೆ ರೊಟ್ಟಿಹಿಟ್ಟಿನಂಗ ಮೆತ್ತಿ
ಆರೂ ಕಾರು ಎತ್ತು ಹೂಡಿ ಎಳಸಬೇಕಾತು.
ಜನ ಅದಕ್ಕೂ ಸಿಳ್ಳಿ ಹೊಡದ್ರು,
ಬಹುಮಾನ ಎತ್ತಿಗೇ ಕೊಡ್ರಿ ಅಂದ್ರು.

ಆಮ್ಯಾಲೆ ಕಪ್ಪತಗುಡ್ಡದ ಕಡಿಂದ ನಲವತ್ತು ಟ್ರಕ್ ಮಸಾರಿ.
ಕರೀ ನೆಲದ ಮ್ಯಾಲೆ ಕೆಂಪು ಹಾಸಿ, ರೋಲರ್ ಹೊಡದು,
ಟ್ಯಾಂಕರಿನಾಂವಗ ಚಾದ ರೊಕ್ಕ ಕೊಟ್ಟು ನೀರು.
ಎಂಟು ದಿನಕ್ಕೊಮ್ಮೆ ನಳ ಬರೂ ಊರಾಗ ಧೂಳಿಗೆ ನೀರೇನೋ
ಅಂತ ಮಿಷನ್ ದವಾಖಾನಿಯ ಸುಜ್ಞಾನಮ್ಮ ಸಿಸ್ಟರು
ನಡುಮೈದಾನದಾಗ ನಿಂತು ಬೈದ್ರು.
ಮುಂದಿನ ರೇಸಿಗೆ ಟಿಂಚರ್ ಬಾಟಲಿ ಹಿಡಕೊಂಡು
ಚೂಪು ತಿರುವಿನಾಗ ಅವರೇ ಕೂತಿದ್ರು.

ಕಾರು ಅಂದ್ರ ಎಂಥಾವು!
ಲ್ಯಾಂಡ್‌ಮಾಸ್ಟರು, ಹೆರಾಲ್ಡು, ಡಾಕ್ಟರು ಬಿಟ್ಟ ಫಿಯಾಟು,
ಗಾಜು ಕಿತ್ತು, ಬಾಗಿಲಿಗೆ ವೆಲ್ಡಿಂಗ್ ಹೊಡದು
ಕಿಡಕ್ಯಾಗಿಂದ ಒಳಗ ಇಳೀಬೇಕು.
ವೆಲ್ಡಿಂಗ್ ನಮ್ಮಪ್ಪಂದು, ಮೋನೇಶಪ್ಪ ಕಮ್ಮಾರ.
ಹಂಗಾಗಿ ಎಣಿಕಿ ನನಗ ಬಂತು.

ಕಾರಿಗೊಂದು ಪೌಡರ್ ಡಬ್ಬಿ, ಡಬ್ಬಿಗೆ ಇಪ್ಪತ್ತು ಹುಣಸಿಬೀಜ.
ಮುಂದ ಹಾದಾಗೊಮ್ಮೆ ಒಂದು ಬೀಜ ಹೊರಗ.
ಯಾರ ಡಬ್ಬಿ ಮೊದಲ ಬರಿದಾಗ್ತದೋ ಅವರಿಗೆ
ನಾ ಅರಿವಿ ಬೀಸೂದು.
ಎಂಬತ್ತೊಂದರಾಗ ನನಗ ಒಂಬತ್ತು ವರ್ಷ,
ಅವ್ವ ಅವತ್ತು ಹಸೀ ಬೀಜ ಸಿಗದ
ಹುರದ ಬೀಜ ಕಟ್ಟಿ ಕೊಟ್ಟಿದ್ಲು.
ಏಳನೇ ನಂಬರಿನ ಡಬ್ಬ್ಯಾಗಿಂದ ಒಂದು ನನ್ನ ದವಡಿಗೆ ಹೋತು.
ಕಟಕ್ ಅಂದದ್ದು ನನಗೊಬ್ಬಾಕಿಗೇ ಕೇಳಿಸ್ತು.

ಏಳನೇ ನಂಬರು ನನ್ನೇಸಾಬ ಅಣ್ಣಿಗೇರಿಂದು.
ಅರ್ಧ ಸುತ್ತು ಮುಂದಿದ್ದ ವಿಠೋಬಸಾ ಬಾಕಳೆ
ಆಚೀ ದಂಡ್ಯಾಗೇ ಕಾರು ಬಿಟ್ಟು ನಡಕೋತ ಬಂದ,
ಬೆರಳು ಎಣಿಸಿದ, ಡಬ್ಬಿ ನೋಡಿದ, ನನ್ನ ನೋಡಿದ.
ಸಣ್ಣ ಹುಡಿಗಿ, ಸುಳ್ಳು ಹೇಳೂದಿಲ್ಲ ಅಂದ.
ಮರುವಾರ ಹೆರಾಲ್ಡು ಗುಜರಿಗೆ ಹಾಕಿದ.

ಎಂಬತ್ತಾರರಾಗ ಒಂದು ಗಾಲಿ ಕಳಚಿ
ಕಬ್ಬಿನಹಾಲಿನ ಅಂಗಡಿಗೆ ನುಗ್ಗಿತು.
ಯಾರಿಗೂ ಏನೂ ಆಗಲಿಲ್ಲ,
ಆದ್ರ ಹಾಲು ಕುಡಿಯಾಕತ್ತಿದ್ದಾಂವ ಮಾಮಲೇದಾರ.
ಪರವಾನಗಿ ಅಲ್ಲಿಗೆ ಹೋತು.

ಪ್ಲಾಟ್ ಹಾಕಾಕ ಬಂದಾಗ
ತುಳಿದು ತುಳಿದು ಕಲ್ಲಾದ ಮಸಾರ್ಯಾಗ ಗೂಟ ಇಳೀವಲ್ದು.
ಇದರ ಮ್ಯಾಲೇ ರಸ್ತೆ ಹಾಕ್ರಿ ಅಂದ್ರು.
ಈಗ ನಾಕನೇ ಕ್ರಾಸು ಯಾಕ ಡೊಂಕು ಅಂತ ಹೊಸಾ ಮಂದಿ ಕೇಳ್ತಾರ.
ಕೆಲವರು ವಾಸ್ತು ಅಂತಾರ.

ಹೋದ ವರ್ಷ ನನ್ನೇಸಾಬಗ ಹೇಳಿದೆ.
ವೇಸ್ಟಿನಿಂದ ಕೈ ಒರಸ್ಕೋತ ಭಾಳೊತ್ತು ಸುಮ್ಮಕಿದ್ದ.
ಬಹುಮಾನದ ಸ್ಟೀಲ್ ಕೊಡ ಮೂಲ್ಯಾಗಿತ್ತು.
ನಲವತ್ತು ವರ್ಷ ಅದರಾಗಿನ ನೀರು ಕುಡದೇನಲ್ಲ ತಂಗಿ,
ಅಂದು ಲೂನಾ ಒದ್ದ.

ನಾ ಹಾಲಿನ ಬೂತಿನ ಮುಂದ ನಿಂತೆ,
ಗೆರಿ ಅಲ್ಲೇ ಇತ್ತು.
ಮುದುಕ ಸಾವಕಾಶ ಹೋದ,
ನಾಕನೇ ಕ್ರಾಸಿನಾಗ ಮೈ ಒಳಗ ವಾಲಿಸಿದ,
ಮತ್ತ ಕಣ್ಣಿಗೆ ಬಿದ್ದ.
ಸೆರಗು ಬೀಸಿದೆ.
ನಿಲ್ಲಲಿಲ್ಲ.
ಆಚೀ ದಂಡಿಗೆ,
ವಿಠೋಬಸಾ ಕಾರು ಬಿಟ್ಟು ಇಳಿದ ಜಾಗಾದಾಗ
ಲೂನಾದ ಸಪ್ಪಳ ನಿಂತತು.