ಭಾಗ ಸಂಖ್ಯೆ ನಲವತ್ತೊಂದು

ನಮ್ಮ ಕ್ಷೇತ್ರ ಈಗಿಲ್ಲ.
ಊರು ಅದ, ಹಳ್ಳ ಅದ, ಶಾಬಾದಿ ಪರಸಿ ಹಾಸಿದ ಕಟ್ಟಿ ಅದ,
ಕ್ಷೇತ್ರ ಇಲ್ಲ.
ಎರಡು ಸಾವಿರದ ಎಂಟರಾಗ ಯಾರೋ ಎಲ್ಲೋ ಕುಂತು
ನಕಾಶಿ ಮ್ಯಾಲ ಪೆನ್ಸಿಲ್ ಎಳದ್ರು,
ಅದು ನಮ್ಮ ಹಳ್ಳದ ಗುಂಟ ಕಾಗಿಣಾದ ತನಕ ಹರೀತು.
ಈಚಿ ದಂಡಿ ಬುದ್ರುಕ್ ಒಬ್ಬ ಶಾಸಕಗ,
ಆಚಿ ದಂಡಿ ಖುರ್ದ್ ಇನ್ನೊಬ್ಬಗ.
ಖುರ್ದ್ ನನ್ನ ತವರು. ಇಲ್ಲಿ ನಿಂತು ಕೂಗಿದ್ರ
ಅವ್ವ ಅಲ್ಲಿಂದ "ಏನಬೇ" ಅಂತಾಳ.
ಹಳ್ಳದ ಸೇತುವಿ ಮಾತ್ರ ಇಬ್ಬರ ಪಾಲಿಗೆ ಬಂದು
ನಡುವ ನಿಂತದ, ಸರಳು ಹೊರಗ ಚಾಚಿ.

ನಾ ಅಂಗನವಾಡಿಯಾಕಿ. ಚುನಾವಣಿ ಬಂತಂದ್ರ
ರಟ್ಟಿನ ಪ್ಯಾಡು, ಕೆಂಪು ಪೆನ್ನು, ಭಾಗ ಸಂಖ್ಯೆ ನಲವತ್ತೊಂದು.
(ಹಳೇ ಕ್ಷೇತ್ರದಾಗ ಅದು ನೂರಾ ಆರು ಇತ್ತು.)
ಸತ್ತವರನ್ನ ಗೆರಿ ಹೊಡದು ತಗೀಬೇಕು,
ಮದುವ್ಯಾಗಿ ಬಂದವರನ್ನ ಸೇರಸಬೇಕು.

ನಮ್ಮ ಅತ್ತಿಯ ಅತ್ತಿ ಶಾಣಮ್ಮ
ಮೊದಲನೇ ಚುನಾವಣಿ ಕಥಿ ಹೇಳ್ತಿದ್ದಳು.
ಆಗಿನ್ನೂ ನಾವು ಹೈದರಾಬಾದಿನವರು.
ಮುನಶಿ ಬಂದ, ಹೊಸ್ತಿಲ ಹೊರಗ ನಿಂತ, ಹೆಸರು ಕೇಳಿದ.
ಪರಗಂಡಸಿಗೆ ತನ್ನ ಹೆಸರು ಹ್ಯಾಂಗ ಹೇಳಬೇಕು?
"ಇವರ ಹೆಂಡತಿ ಅಂತ ಬರ್ಕೋ."
ಇವರಂದ್ರ ಯಾರು?
ಗಂಡನ ಹೆಸರು ಬಾಯಿಲೆ ಹೇಳಬಾರದು.
ಸೆರಗು ಎಳಕೊಂಡು ಮುಗಿಲಿಗೆ ಬೆರಳು ತೋರಿಸಿದಳಂತ:
"ಹುಣ್ಣಿಮಿ ದಿನ ದುಂಡಗ ಬರ್ತಾನಲ್ಲ, ಅವನು."
ಚಂದ್ರಶಾ ಅಂತ ತಿಳಕೋಬೇಕಿತ್ತು.
ಮುನಶಿ ತಿಳದದ್ದು ಚಾಂದ್.

ಹೋದ ವರ್ಷ ತಹಶೀಲಿನ ದಫ್ತರ ಖೋಲಿಯೊಳಗ
ಆ ಪಟ್ಟಿ ಸಿಕ್ತು, ಒರಲಿ ತಿಂದು ಉಳಿಸಿದಷ್ಟು.
ಖೈಸರ್‌ಮಿಯಾ ಸಾಹೇಬ್ರು ಕನ್ನಡಕ ಒರಸಿ ಓದಿದ್ರು:
"ಜೌಜೆ ಚಾಂದ್‌ಪಾಶಾ. ಉಮರ್ ಇಪ್ಪತ್ತೆರಡು."
ಓದಿದವರು ನಕ್ಕರು, ನಾನೂ ನಕ್ಕೆ.
ಆಮ್ಯಾಲ ಅದರ ಮ್ಯಾಲಿನ ಗೆರಿ ನೋಡಿ ಸುಮ್ಮನಾದೆವು.
ಆ ಮನ್ಯಾಗ ಚಾಂದ್‌ಪಾಶಾ ಅನ್ನಾವ ಯಾರೂ ಇಲ್ಲಂತ
ತಪಾಸಿಗೆ ಬಂದವರು ಹೆಂಡತಿನೂ ಇಲ್ಲ ಮಾಡಿದ್ರು.

ಓಟಿನ ದಿನ ಸಾಲಿಗಿ ಹೋದಳು.
ಪೆಟ್ಟಿಗಿಗೊಂದು ಚಿತ್ರ, ಚಿತ್ರಕ್ಕೊಂದು ಪೆಟ್ಟಿಗಿ ಇಟ್ಟಿದ್ರಂತ.
"ನಿನ್ನ ಹೆಸರಿಲ್ಲವ್ವ" ಅಂದ್ರು, ಬೆರಳಿಗೆ ಶಾಯಿ ಹಚ್ಚಲಿಲ್ಲ.
ತಿರುಗಿ ಬರೂಮುಂದ ಮಡಿವಾಳರ ಬಸಲಿಂಗವ್ವನ ಹಿತ್ತಲಕ್ಕ ಹೋಗಿ,
ಬಟ್ಟಿಗೆ ಗುರ್ತ ಹಾಕೂ ಕೇರುಬೀಜ ಒಡದು
ತಾನೇ ಬೆರಳಿಗೆ ಹಚ್ಚಿಕೊಂಡಳು.
ಬೊಬ್ಬಿ ಎದ್ದು, ಕೀವಾಗಿ, ಎಂಟು ದಿನ ರೊಟ್ಟಿ ಬಡೀಲಿಲ್ಲ.
ಕಲಿ ಉಳೀತು.

ಮುಂದಿನ ಸಲ ಮೈಸೂರಿನವರಾದೆವು. ಜೌಜೆ ಹೋಗಿ ಕೋಂ ಬಂತು:
ಶಾಣಮ್ಮ ಕೋಂ ಚಂದ್ರಶಾ. ಆಕಿ ಒಂದೂ ಬಿಡದೆ ಹಾಕಿದಳು.
ಗೆದ್ದವರೊಳಗ ಒಬ್ಬಾತ ಕುದುರಿ ಮ್ಯಾಲ ಬಂದು
ಬಾವಿ ನೋಡಿ ನೀರು ಕುಡದು ಹೋದ.
ಒಬ್ಬಾತ ಸಾಲಿಗಿ ಹಂಚು ಹಾಕಿಸಿದ, ಆ ಹಂಚು ಈಗೂ ಅದಾವ.
ಒಬ್ಬನ ಮಾರಿ ಗ್ವಾಡಿ ಮ್ಯಾಲಷ್ಟೇ ನೋಡಿದೆವು.
ಯಾರಿಗೆ ಹಾಕಿದಿ ಆಯಿ ಅಂದ್ರ,
"ಗಂಡನ ಹೆಸರೇ ಹೇಳಲಾರದಾಕಿ, ಇದನ್ನ ಹೇಳತೀನೇನು?"

ಎರಡು ಸಾವಿರದ ಏಳರಾಗ ಹೋದಳು, ಕ್ಷೇತ್ರಕ್ಕಿಂತ ಒಂದು ವರ್ಷ ಮೊದಲು.
ಮಣ್ಣು ಕೊಡೂಮುಂದ ಆ ಬೆರಳು ನೋಡಿದೆ,
ಉಗುರಿನ ಬುಡದಾಗ ಕಪ್ಪು, ಒಣ ಖಾರೀಕಿನ ಹಾಂಗ.

ನಿನ್ನೆ ಖಂಡೋಬನ ಓಣ್ಯಾಗ ಹೊಸ ಸೊಸಿ.
ಅತ್ತಿ ಒಳಗಿಂದ ಕೂಗಿದಳು: "ನಮ್ಮ ಮಲ್ಲಣ್ಣನ ಹೆಂಡತಿ ಅಂತ ಬರಕೋ,
ಎಲ್ಲಾರಿಗೂ ಗೊತ್ತದ."
ನಾ ಪೆನ್ನು ಎತ್ತಲಿಲ್ಲ.
ಬಿಸಿಲಿತ್ತು. ಆಡೊಂದು ಬಂದು ಪ್ಯಾಡಿನ ಮೂಲಿ ಕಡೀತು.
ಸೊಸಿ ಕದದ ಸಂದಿಯೊಳಗ ನಿಂತಾಳ,
ನಾ ಕಟ್ಟಿ ಮ್ಯಾಲ ಕುಂತೀನಿ.